ಭಾಮಿನಿಯಲ್ಲಿ ರಾಕ್: ಸಭೆಯ ವಾದ್ಯತಂಡ ಊರೂರು ಹೊರಡುವ ಮುನ್ನ

ಗಿಟಾರಿಗೆ ಹೊಸ ಪೆಡಲ್ ಕೊಳ್ಳುವ ಮೊದಲು ಹಾಡಿನ ಸಾಲನ್ನು ಗಟ್ಟಿಯಾಗಿ ಓದಿ. ಆಲ್ಬಮ್ ಮಾಡಬೇಕು, ಊರೂರು ಸುತ್ತಬೇಕು ಎಂದು ಬರುವ ನಮ್ಮ ಸಭೆಯ, ಅಂದರೆ ಚರ್ಚಿನ, ಯುವಜನ ಸಂಘದ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ನಾನು ಬೇಸ್ ಗಿಟಾರ್ ನುಡಿಸುವವನು. ತಂಡದ ವ್ಯಾನಿನ ಡೀಸೆಲ್ ಲೆಕ್ಕವೂ ನನ್ನದೇ ಆದ್ದರಿಂದ ಮಾತು ಸ್ವಲ್ಪ ಒರಟು.

ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಪದಗಳನ್ನು ತುರುಕಿದರೆ ಹ್ರಸ್ವ ಎಳೆಯುತ್ತದೆ, ದೀರ್ಘ ಮೊಟಕಾಗುತ್ತದೆ; ‘ಯೇಸು’ ಹೋಗಿ ‘ಯೆಸೂ’ ಆಗುತ್ತದೆ. ಹಿಂದಿನ ಬೆಂಚಿನ ಅಜ್ಜಿಯರು ಮುಖ ಸಿಂಡರಿಸುವುದು ಡ್ರಮ್ಮಿನ ಸದ್ದಿಗಲ್ಲ, ಇದಕ್ಕೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಈಗ ಅದನ್ನು ಹೊರತೆಗೆಯಿರಿ. ಭಾಮಿನಿ ಷಟ್ಪದಿಯ ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ‘ದೀಪ ಹಚ್ಚುವ ಕೈಯ ಕಾಣದೆ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ‘ದೀ’ ಮತ್ತು ‘ಕೈ’ ಬರುವಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್, ‘ಹ’ ಮತ್ತು ‘ಕಾ’ ಬರುವಲ್ಲಿ ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್. ತಕಿಟ ತಕಧಿಮಿ, ಏಳರ ಲಯ, ಅಂದರೆ ಮಿಶ್ರಛಾಪು. ಪಾಶ್ಚಾತ್ಯ ತಂಡಗಳು ಕಸರತ್ತಿನಂತೆ ನುಡಿಸುವ ಏಳನ್ನು ನಮ್ಮ ಕೇಳುಗರು ಗಮಕ ವಾಚನದಲ್ಲಿ, ಯಕ್ಷಗಾನದಲ್ಲಿ ಕೇಳಿಯೇ ಬೆಳೆದಿರುತ್ತಾರೆ. ಐದರ ನಡೆ ಬೇಕೆಂದರೆ ಲಲಿತ ರಗಳೆಯಿದೆ. ಜರ್ಮನಿಯ ಪಾದ್ರಿ ಕಿಟ್ಟೆಲ್ ತಮ್ಮ ನಿಘಂಟಿಗೂ ಮೊದಲು, 1862ರಲ್ಲಿ, ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು. ಜರ್ಮನಿಯವರಿಗೆ ಆದದ್ದು ನಮಗಾಗದೇ?

ಲಯ ಕುದುರಿದ ಮೇಲೆ ಗಿಟಾರ್. ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು; ಪವರ್ ಕಾರ್ಡಿನಲ್ಲಿ ಷಡ್ಜ, ಪಂಚಮ ಎರಡೇ ಇರುತ್ತವೆ, ಗಾಂಧಾರ ಇರುವುದಿಲ್ಲ. ಹಾಗಾಗಿ ಗಾಂಧಾರ ಬೇರೆ ಬೇರೆಯಾದ ಮೋಹನ, ಆಭೇರಿ ರಾಗಗಳಲ್ಲಿ ಯಾವುದರಲ್ಲಿ ಹಾಡಿದರೂ ಗಾಯಕಿಯ ಸ್ವರಕ್ಕೆ ಅಡ್ಡ ಬರುವುದಿಲ್ಲ. ಡಿಸ್ಟಾರ್ಷನ್ ಹಾಕಿದ, ಅಂದರೆ ಸದ್ದು ಒರಟಾಗಿಸಿದ, ತಂಬೂರಿ ಎಂದುಕೊಳ್ಳಿ. ಗಾಂಧಾರವೂ ಸೇರಿದ ಪೂರ್ಣ ಕಾರ್ಡುಗಳನ್ನು ಪಲ್ಲವಿ ಮರಳುವಲ್ಲಿಗೆ ಉಳಿಸಿಕೊಳ್ಳಿ. ರೆಕಾರ್ಡಿಂಗ್ ಬಗ್ಗೆ ಹೇಳುವುದು ಕಡಿಮೆ: ಡ್ರಮ್ಮಿಗೆ ಒಳ್ಳೆಯ ಸ್ಟುಡಿಯೋ ಹಿಡಿಯಿರಿ, ಉಳಿದದ್ದು ಮನೆಯಲ್ಲೇ ಆಗುತ್ತದೆ.

ವೇಷದ ಅನುಕರಣೆ ಬೇಡ. ಅಮೆರಿಕದ ಕ್ರೈಸ್ತ ರಾಕ್ ತಂಡ ಸ್ಟ್ರೈಪರ್ 1980ರ ದಶಕದಲ್ಲಿ ಹಳದಿ-ಕಪ್ಪು ಪಟ್ಟೆಯ ಉಡುಪು ತೊಟ್ಟು ವೇದಿಕೆಯಿಂದ ಬೈಬಲ್ ಎಸೆಯುತ್ತಿತ್ತು. ನಮ್ಮಲ್ಲಿ ಸತ್ಯವೇದ ಎಸೆದರೆ ಸಭೆಯ ಹಿರಿಯರು ಮತ್ತೆ ಗೇಟಿನೊಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಹಿರಿಯರಿಗೆ ಡ್ರಮ್ಮೇ ಬೇಡ ಎನ್ನಿಸಿದರೆ ವಾದಕ್ಕಿಳಿಯಬೇಡಿ; ಬೈಬಲ್ಲಿನ 150ನೆಯ ಕೀರ್ತನೆಯನ್ನು ಅವರಿಂದಲೇ ಓದಿಸಿ, ತಾಳಗಳನ್ನು ಬಾರಿಸುವ ಪ್ರಸ್ತಾಪ ಬರುತ್ತದೆ.

ಪ್ರವಾಸಕ್ಕೆ ದಿನ ನೋಡುವಾಗ ಸಭೆಯ ಪಂಚಾಂಗ, ಮಳೆಯ ಪಂಚಾಂಗ ಎರಡನ್ನೂ ಮುಂದಿಟ್ಟುಕೊಳ್ಳಿ. ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ಯಾರೂ ಕರೆಯುವುದಿಲ್ಲ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಹಾಡುಗಳ, ಅಂದರೆ ಕ್ಯಾರಲ್, ಗದ್ದಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಮೈದಾನದ ಕಾರ್ಯಕ್ರಮ ಒಪ್ಪಿಕೊಂಡರೆ ನಿಮ್ಮ ಆಂಪ್ಲಿಫೈಯರ್ ನಿಮ್ಮದಲ್ಲ. ಉಳಿಯುವುದು ಈಸ್ಟರಿನ ನಂತರದ ಬೇಸಿಗೆ ರಜೆ, ದಸರಾ ರಜೆ, ನವೆಂಬರ್. ದಾರಿಯನ್ನು ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಹಾಕಿಕೊಟ್ಟಿದೆ: 1834ರಲ್ಲಿ ಮಂಗಳೂರಿಗೆ ಬಂದವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿದರು. ಅಲ್ಲೆಲ್ಲ ಕನ್ನಡದಲ್ಲೇ ಹಾಡುವ ಹಳೆಯ ಸಭೆಗಳಿವೆ. ಮಂಗಳೂರಿನಿಂದ ಉಡುಪಿ, ಅಂಕೋಲೆ, ಅಲ್ಲಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿ. ಕರಾವಳಿಯ ತೇವದಲ್ಲಿ ಶ್ರುತಿ ಮಾಡಿದ ಗಿಟಾರ್ ಬಯಲುಸೀಮೆಯ ಒಣಗಾಳಿಗೆ ಶ್ರುತಿ ತಪ್ಪುತ್ತದೆ. ಆದ್ದರಿಂದ ಇಳಿದ ಸಂಜೆಯೇ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ದೇವಾಲಯದೊಳಗೆ, ಅಂದರೆ ಚರ್ಚ್ ಕಟ್ಟಡದೊಳಗೆ, ನುಡಿಸುವುದಾದರೆ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಎರಡು ಸೆಕೆಂಡಾದರೂ ಸುತ್ತುತ್ತಲೇ ಇದ್ದರೆ ವೇಗದ ಹಾಡುಗಳನ್ನು ಪಟ್ಟಿಯಿಂದ ತೆಗೆಯಿರಿ, ಇಲ್ಲವೇ ನಿಧಾನಿಸಿ. ಕೋಲು ಬಿಟ್ಟು ಕಡ್ಡಿಗಳ ಕಟ್ಟಿನಿಂದ ಡ್ರಮ್ ಬಾರಿಸಿ. ಉದ್ದನೆಯ ಕಟ್ಟಡದಲ್ಲಿ ಮುಂದಿನ ಸ್ಪೀಕರಿನ ಸದ್ದು ಏರಿಸುವ ಬದಲು ಮಧ್ಯದಲ್ಲಿ ಇನ್ನೊಂದು ಜೋಡಿ ಇಡಿ. ಸದ್ದು ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಎರಡೂ ಕಡೆಯ ಸದ್ದು ಒಟ್ಟಿಗೇ ಕಿವಿ ತಲುಪುವಂತೆ ಇಪ್ಪತ್ತು ಮೀಟರ್ ಆಚೆಯ ಜೋಡಿಗೆ ಮಿಕ್ಸರಿನಲ್ಲಿ 58 ಮಿಲಿಸೆಕೆಂಡ್ ವಿಳಂಬ ಕೊಡಿ. ಆಗ ಹಿಂದಿನವರಿಗೂ ಪದ ಬಿಡಿಬಿಡಿಯಾಗಿ ಕೇಳುತ್ತದೆ.

ಕೇಬಲ್ ಸಿಕ್ಕಿಸುವ ಮುಂಚೆ ಮಲ್ಟಿಮೀಟರ್ ಹಿಡಿದು ಪ್ಲಗ್ ಪಾಯಿಂಟಿನ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯಿರಿ. ಎರಡು-ಮೂರು ವೋಲ್ಟ್‌ಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಯಾರೂ ಮೈಕ್ ಮುಟ್ಟಬಾರದು. ಗಿಟಾರ್ ತಂತಿಯ ಮೇಲೆ ಕೈ, ಮೈಕಿಗೆ ತುಟಿ. ಜೀವ ಹೋಗಲು ಅಷ್ಟು ಸಾಕು. ‘ಏನೂ ಆಗಲ್ಲ ಬ್ರದರ್’ ಎನ್ನುವ ಪೆಂಡಾಲಿನವನನ್ನು ನಂಬಬೇಡಿ.

ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಪತ್ರ ಮೊದಲೇ ಕೈಯಲ್ಲಿರಲಿ, ಬಯಲಿನ ಕಾರ್ಯಕ್ರಮ ರಾತ್ರಿ ಹತ್ತಕ್ಕೆ ಮುಗಿಯಲಿ. ಹಣದ ಮಾತನ್ನು ಸಭಾಪಾಲಕರ ಜೊತೆ ಮೊದಲೇ ಆಡಿ: ಕಾಣಿಕೆ ತಟ್ಟೆಯ ಹಣದಲ್ಲಿ ತಂಡಕ್ಕೆಷ್ಟು, ಊಟ-ವಸತಿ ಯಾರದು, ಡೀಸೆಲ್ ಯಾರದು. ಸಂಕೋಚಪಟ್ಟು ಆಮೇಲೆ ಗೊಣಗುವವರನ್ನು ನಾನು ವ್ಯಾನಿಗೆ ಹತ್ತಿಸುವುದಿಲ್ಲ.

ಆಲ್ಬಮ್ಮಿನ ಸಿಡಿ ಅಚ್ಚು ಹಾಕಿಸಬೇಡಿ, ಈಗ ಅದನ್ನು ಹಾಕಲು ಮನೆಯಲ್ಲಿ ಯಂತ್ರವಿಲ್ಲ. ಕಾರಿರುವವರಿಗೆ ಪೆನ್ ಡ್ರೈವ್ ಸಾಕು. ಜನ ಕೇಳಿ ಕೊಳ್ಳುವುದು ಸಾಹಿತ್ಯದ ಮೇಲೆ ಕಾರ್ಡ್ ಗುರುತು ಹಾಕಿದ ಪುಟ್ಟ ಹಾಡಿನ ಪುಸ್ತಕವನ್ನು. ಅದರ ಅಕ್ಷರ ದೊಡ್ಡದಿರಲಿ, ಹಾಳೆ ದಪ್ಪದ್ದಿರಲಿ, ಭಾನುವಾರ ಶಾಲೆಯ ಮಕ್ಕಳ ಕೈಗೂ ಹೋಗುತ್ತದೆ.