ಒಂದೇ ಸರ್ವರ್, 12 ವಿಎಂ: ಮೆಮೊರಿ ಹಂಚುವುದು ಹೇಗೆ?

ಕಲಬುರಗಿಯ ಒಂದು ಕಾಲೇಜು ಲ್ಯಾಬ್‌ನಲ್ಲಿ 32 ಜಿಬಿ ರ್‍ಯಾಮ್‌ನ ಲಿನಕ್ಸ್ ಸರ್ವರ್ ಇದೆ ಎಂದುಕೊಳ್ಳಿ. ತಲಾ 3 ಜಿಬಿಯ 12 ವಿಎಂ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಓಡುವ ಕಂಪ್ಯೂಟರ್) ನಡೆಸಬೇಕು. ಲೆಕ್ಕಕ್ಕೆ 36 ಜಿಬಿ. ಎಲ್ಲದರಲ್ಲೂ ಅದೇ ಉಬುಂಟು, ಅದೇ ಕಂಪೈಲರ್. ಹಾಗಾಗಿ ಮೆಮೊರಿಯಲ್ಲಿ ಎಷ್ಟೋ ಪೇಜ್‌ಗಳು (ಮೆಮೊರಿಯ ಚಿಕ್ಕ ತುಂಡುಗಳು) ಒಂದೇ ತೆರನಾಗಿರುತ್ತವೆ. 2009ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ಕೆಎಸ್‌ಎಂ (ಕರ್ನೆಲ್ ಸೇಮ್‌ಪೇಜ್ ಮರ್ಜಿಂಗ್) ಎಂಬ ಸೌಲಭ್ಯ ಇಂಥ 4 ಕೆಬಿ ಪೇಜ್‌ಗಳನ್ನು ಹುಡುಕಿ ಒಂದೇ ಪ್ರತಿ ಉಳಿಸುತ್ತದೆ. ಯಾವುದಾದರೂ ವಿಎಂ ಅದರಲ್ಲಿ ಬರೆಯಲು ಹೋದರೆ, ಅದಕ್ಕಷ್ಟೇ ಬೇರೆ ಪ್ರತಿ ಮಾಡಿಕೊಡುತ್ತದೆ.

ಚಾಲೂ ಮಾಡುವ ಮುಂಚೆ ಯಾರ ಜೊತೆ ಯಾರು ಹಂಚಿಕೊಳ್ಳಬೇಕೆಂದು ತೀರ್ಮಾನಿಸಿ. ಹಂಚಿಕೊಂಡ ಪೇಜ್‌ಗೆ ಬರೆಯಲು ತುಸು ಹೆಚ್ಚು ಸಮಯ ಹಿಡಿಯುತ್ತದೆ. ಆ ಸಮಯ ಅಳೆದೇ ಪಕ್ಕದ ವಿಎಂನಲ್ಲಿ ಏನಿದೆ ಎಂದು ಊಹಿಸಬಹುದು. ವಿಎಂ ತಂತ್ರಾಂಶದ ಕಂಪನಿ ವಿಎಂವೇರ್ 2014ರಲ್ಲಿ ವಿಎಂಗಳ ನಡುವಿನ ಹಂಚಿಕೆಯನ್ನು ಡೀಫಾಲ್ಟ್ ಆಗಿ ನಿಲ್ಲಿಸಿದ್ದು ಇಂಥ ಸೋರಿಕೆಯ ಭಯಕ್ಕೇ. ವಿದ್ಯಾರ್ಥಿಗಳ ವಿಎಂಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳಲಿ. ಅಂಕಪಟ್ಟಿ, ಶುಲ್ಕದ ವಿಎಂ ಖಂಡಿತ ಬೇಡ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಆ ವಿಎಂನ ಎಕ್ಸ್‌ಎಂಎಲ್ ಸೆಟ್ಟಿಂಗ್ ಫೈಲ್ ತೆರೆದು, ಮೆಮೊರಿಬ್ಯಾಕಿಂಗ್ ಟ್ಯಾಗ್‌ನೊಳಗೆ ನೋಶೇರ್‌ಪೇಜಸ್ ಸೇರಿಸಿ. ಒಳಗಿನಿಂದ ರೀಬೂಟ್ ಮಾಡಿದರೆ ಇದು ಜಾರಿಗೆ ಬರದು; ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಎಬ್ಬಿಸಬೇಕು.

ಈಗ ಹೋಸ್ಟ್‌ನಲ್ಲಿ (ವಿಎಂಗಳನ್ನು ನಡೆಸುವ ಸರ್ವರ್‌ನಲ್ಲೇ) ರೂಟ್ ಆಗಿ, ಸಿಸ್ (/sys/kernel/mm/ksm) ಅಡಿಯ ಕೆಎಸ್‌ಎಂ ಫೋಲ್ಡರ್‌ನಲ್ಲಿ ‘ರನ್’ ಫೈಲಿಗೆ 1 ಬರೆಯಿರಿ.

ವೇಗ ಹೊಂದಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಡೀಫಾಲ್ಟ್ ಪ್ರಕಾರ ಕೆಎಸ್‌ಎಂ 100 ಪೇಜ್ ನೋಡಿ 20 ಮಿಲಿಸೆಕೆಂಡ್ ಮಲಗುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 5,000 ಪೇಜ್. ವಿಎಂಗಳು 28 ಜಿಬಿ ಬಳಸುತ್ತಿದ್ದರೆ ಸುಮಾರು 73 ಲಕ್ಷ ಪೇಜ್ ಆಯಿತು, ಒಂದು ಸುತ್ತಿಗೇ 24 ನಿಮಿಷ ಬೇಕು. ಎರಡು ಸುತ್ತಿನ ನಡುವೆ ಬದಲಾದ ಪೇಜ್ ಅನ್ನು ಅದು ಮುಟ್ಟುವುದಿಲ್ಲವಾದ್ದರಿಂದ ಪೂರ್ತಿ ಲಾಭ ಕಾಣಲು ಮುಕ್ಕಾಲು ಗಂಟೆ ದಾಟುತ್ತದೆ. ಅಷ್ಟರಲ್ಲಿ ಕರೆಂಟು ಹೋಗಿ ಬಂದರೆ ಎಲ್ಲ ಮತ್ತೆ ಮೊದಲಿನಿಂದ! 12 ವಿಎಂಗಳೂ ಒಟ್ಟಿಗೆ ಎದ್ದು ಮೆಮೊರಿ ತುಂಬಿಕೊಂಡರೆ ಕರ್ನೆಲ್ ಯಾವುದೋ ಒಂದು ವಿಎಂ ಅನ್ನು ಕೊಂದುಬಿಡುತ್ತದೆ. ಆದ್ದರಿಂದ ಆಟೋಸ್ಟಾರ್ಟ್ ತೆಗೆದು ನಾಲ್ಕು ನಾಲ್ಕಾಗಿ ಎಬ್ಬಿಸಿ, ಒಮ್ಮೆಗೆ ನೋಡುವ ಪೇಜ್ 100 ಇದ್ದುದನ್ನು 500 ಮಾಡಿ, 8 ಜಿಬಿ ಸ್ವಾಪ್ (ಮೆಮೊರಿ ತುಂಬಿದಾಗ ಬಳಸುವ ಡಿಸ್ಕ್ ಜಾಗ) ಇಡಿ. ವೇಗ ಹೆಚ್ಚಿಸಿದಷ್ಟೂ ಸಿಪಿಯು ಬಿಸಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿಗೆ ಎಸಿ ಇಲ್ಲದ ಕೋಣೆಯಲ್ಲಿ 200 ಸಾಕು.

ಫಲಿತಾಂಶ ‘ಪೇಜಸ್ ಶೇರಿಂಗ್’ ಫೈಲಿನಲ್ಲಿದೆ. ಅದರಲ್ಲಿ 10 ಲಕ್ಷ ಕಂಡರೆ ಸುಮಾರು 3.8 ಜಿಬಿ ಉಳಿದಂತೆ. ‘ಪೇಜಸ್ ಅನ್‌ಶೇರ್ಡ್’ (ಜೋಡಿ ಸಿಗದ ಪೇಜ್‌ಗಳ ಲೆಕ್ಕ) ಅದಕ್ಕಿಂತ ಬಹಳ ದೊಡ್ಡದಿದ್ದರೆ ಸಿಪಿಯು ಸುಮ್ಮನೆ ದುಡಿಯುತ್ತಿದೆ, ನಿಲ್ಲಿಸುವುದೇ ಒಳ್ಳೆಯದು. ಕಾದಿಟ್ಟ 2 ಎಂಬಿ ಹ್ಯೂಜ್ ಪೇಜ್ ಬಳಸುವ ವಿಎಂಗಳಿಂದ ಏನೂ ಉಳಿಯದು.

ನಿಲ್ಲಿಸುವಾಗ ‘ರನ್’ಗೆ 0 ಬರೆದರೆ ಹುಡುಕಾಟವಷ್ಟೇ ನಿಲ್ಲುತ್ತದೆ, ಹಂಚಿಕೆ ಹಾಗೇ ಇರುತ್ತದೆ. 2 ಬರೆದರೆ ಎಲ್ಲ ಪೇಜ್‌ಗಳೂ ಬೇರೆಯಾಗುತ್ತವೆ. ಅಷ್ಟಕ್ಕೆ ಜಾಗವಿದೆಯೇ ಎಂದು ನೋಡಿಕೊಂಡು, ಇಲ್ಲದಿದ್ದರೆ ಎರಡು–ಮೂರು ವಿಎಂ ಮುಚ್ಚಿ, ಆಮೇಲೆ 2 ಬರೆಯಿರಿ.