ಬಲೆಗೆ ಹುಲ್ಲು ತುಂಬಿದೆ, ಹೊಟ್ಟೆಶೂಲೆ ನಿಂತಿತು

ಮೈಸೂರಿನಲ್ಲಿ ಟಾಂಗಾ ಇಟ್ಟವರಿಗೆ ಕುದುರೆಯ ಹೊಟ್ಟೆಶೂಲೆ ಏನೆಂದು ಹೇಳಬೇಕಿಲ್ಲ. ನಮ್ಮ ಕೆಂಚನಿಗೆ ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ಬೆಳಗಿನ ಜಾವ ಕಾಲಿನಲ್ಲಿ ನೆಲ ಕೆರೆಯುತ್ತಿತ್ತು, ತಿರುತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿತ್ತು, ಆಮೇಲೆ ಬಿದ್ದು ಹೊರಳಾಟ. ಡಾಕ್ಟರು, ಇಂಜೆಕ್ಷನ್ನು, ಡ್ರಿಪ್ಪು ಅಂತ ಪ್ರತಿ ಸಲ 2-3 ಸಾವಿರ. ಮತ್ತೆ ಮೂರು ದಿನ ಗಾಡಿ ಕಟ್ಟುವಂತಿಲ್ಲ. ದಸರಾ ಹೊತ್ತಿಗೆ ಬಂದರೆ ಕಥೆ ಮುಗೀತು.

ಓಮದ ಕಷಾಯ, ಇಂಗು, ಜಂತಿನ ಔಷಧಿ ಎಲ್ಲ ಆಯಿತು. ದವಡೆ ಹಲ್ಲಿನ ಅಂಚು ಚೂಪಾಗಿತ್ತು, ಅರ ಹಾಕಿಸಿದೆ. ಮೇವು ಚೆನ್ನಾಗಿ ಅಗಿಯತೊಡಗಿತು, ಶೂಲೆ ಮಾತ್ರ ಬಿಡಲಿಲ್ಲ. ಹೊಟ್ಟೆಗೆ ಮರಳು ಸೇರಿದೆಯೇನೋ ಅಂತ ಲದ್ದಿಯನ್ನು ಬಕೆಟ್ ನೀರಲ್ಲಿ ಕದಡಿ, ತಳದಲ್ಲಿ ಕೂರುತ್ತಾ ಅಂತಲೂ ನೋಡಿದೆ. ಚಿಟಿಕೆಯಷ್ಟು ಸಿಕ್ಕಿತು, ಅಷ್ಟೆ.

ಆಮೇಲೆ ಒಂದು ರಾತ್ರಿ ಲಾಯದಲ್ಲೇ ಮಲಗಿ ನೋಡಿದೆ. ಸಂಜೆ 7ಕ್ಕೆ ಹಾಕಿದ ಹುರುಳಿ, ಬೂಸಾ, ಹುಲ್ಲು 9ಕ್ಕೆಲ್ಲ ಖಾಲಿ. ಬೆಳಿಗ್ಗೆವರೆಗೂ ಗೋಡೆ ನೆಕ್ಕಿಕೊಂಡು ನಿಂತಿತ್ತು. ಸಣ್ಣ ಜಠರದ ಪ್ರಾಣಿ ಅಷ್ಟು ಹೊತ್ತು ಹಸಿದಿದ್ದರೆ ಇನ್ನೇನಾದೀತು?

ಕಣ್ಣಿನಿಂದ ಎಳೆದೆಳೆದು ರಾತ್ರಿಯೆಲ್ಲ ನಿಧಾನಕ್ಕೆ ತಿನ್ನಲಿ ಅಂತ ಹುಲ್ಲನ್ನು ಬಲೆಗೆ ತುಂಬೋಣ ಅಂದುಕೊಂಡೆ. ತೆಂಗಿನ ನಾರಿನ ಬಲೆಯನ್ನು ವಾರದೊಳಗೆ ಕಡಿದು ಹಾಕಿತು. ಅಂಗಡಿಯ ಬಲೆಗೆ 500 ಚಿಲ್ಲರೆ ಕೊಟ್ಟೆ, ಅದರ ಕಣ್ಣು ದೊಡ್ಡದು, ಅರ್ಧ ಗಂಟೆಯಲ್ಲಿ ಬರಿದು. ಕೊನೆಗೆ ದಪ್ಪ ನೈಲಾನ್ ಹುರಿ ತಂದು ನಾನೇ ಹೆಣೆದೆ. ಎರಡು ಬೆರಳು ತೂರುವಷ್ಟು ಕಣ್ಣು. ಹಲ್ಲಿಗೆ ಸಿಗದ ಗಂಟು ಒಂದಿದೆ, ಅದು ನನ್ನಲ್ಲೇ ಇರಲಿ. ಕಟ್ಟುವಾಗ ಎತ್ತರಕ್ಕೆ ಕಟ್ಟಿ. ಖಾಲಿಯಾದಾಗ ಜೋತು ಬೀಳುತ್ತದೆ, ಲಾಳ ಸಿಕ್ಕಿಕೊಂಡರೆ ಕಾಲೇ ಹೋಯ್ತು.

ಸ್ಟ್ಯಾಂಡಿನಲ್ಲಿ ನಗದವರಿಲ್ಲ. "ಏನಪ್ಪಾ, ಕುದುರೆ ಕೈಲಿ ಮೀನು ಹಿಡಿಸ್ತೀಯಾ?" ಅಂದರು ಹಿರಿಯರೊಬ್ಬರು. ಹುರುಳಿ ಇಳಿಸಿದ್ದು ಗೊತ್ತಾದ ಮೇಲೆ ಬೈಗುಳವೇ ಸಿಕ್ಕಿತು. ದಿನಕ್ಕೆ ಎರಡೂವರೆ ಕೆಜಿ ಇದ್ದದ್ದನ್ನು ಒಂದೂಕಾಲಿಗೆ ತಂದೆ. ಬೇಯಿಸಿ, ಮೂರು ಹೊತ್ತಿಗೆ ಹಂಚಿ ಕೊಡುತ್ತೇನೆ. ಒಮ್ಮೆಲೇ ಇಳಿಸಬೇಡಿ, ಹತ್ತು ಹನ್ನೆರಡು ದಿನವಾದರೂ ಬೇಕು. ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ಅದೇ ಮೇವಾದರೆ ಮೂಳೆ ಕೆಡುತ್ತದೆ. ಅದಕ್ಕೆ ಅದನ್ನು ಒಂದು ಹಿಡಿಗೆ ನಿಲ್ಲಿಸಿ, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನೋ ಹಸಿರು ಮೇವು) ಎರಡು ಕಟ್ಟು ಸೇರಿಸಿದೆ.

ಮಂಡ್ಯ ಕಡೆಯಿಂದ ಕಬ್ಬಿನ ಸೋಗೆ ಬಿಟ್ಟಿ ಸಿಗುತ್ತೆ ಅಂತ ಅದನ್ನೂ ಸುಮ್ನೆ ಕೊಟ್ಟು ನೋಡಿದೆ. ಕೆಂಚ ಮೂಸಿಯೂ ನೋಡಲಿಲ್ಲ. ನಮ್ಮ ಇನ್ನೊಂದು ಬಿಳಿ ಕುದುರೆ ತಿಂದಿತು, ಲದ್ದಿ ನೀರಾಯಿತು. ಬಿಟ್ಟೆ. ಬೇಸಿಗೆಯಲ್ಲಿ 30-40 ಲೀಟರ್ ನೀರು ಹೊಟ್ಟೆಗೆ ಹೋಗಲೇಬೇಕು. ಕುಡಿಯದಿದ್ದರೆ ಬೆಲ್ಲದ ಜೊತೆ ಇನ್ನೊಂದು ಹಾಕುತ್ತೇನೆ, ಏನಂತ ಕೇಳಬೇಡಿ.

ಹುಲ್ಲು ಸೊಪ್ಪಿಗೆ ಒಂದು ಕುದುರೆಗೆ ತಿಂಗಳಿಗೆ 2 ಸಾವಿರದ ಮೇಲೆ ಜಾಸ್ತಿ ಹೋಗುತ್ತೆ. ಹುರುಳಿ ಬೂಸಾದಲ್ಲಿ ಹೆಚ್ಚುಕಡಿಮೆ 3 ಸಾವಿರ ಉಳಿಯುತ್ತೆ. ವರ್ಷದ ಮೇಲಾಯಿತು, ಕೆಂಚನಿಗಾಗಿ ಡಾಕ್ಟರನ್ನು ಕರೆದದ್ದು ಧನುರ್ವಾಯು ಇಂಜೆಕ್ಷನ್ನಿಗೆ ಮಾತ್ರ.

ಈಗ ಸ್ಟ್ಯಾಂಡಿನವರಿಗೂ ಬಲೆ ಹೆಣೆದು ಕೊಡುತ್ತೇನೆ, ಒಂದಕ್ಕೆ 250. ಹುರಿ ನೀವೇ ತಂದರೆ ಕೂಲಿ ಮಾತ್ರ.