ಜರ್ಮಾಟ್‌ನಲ್ಲಿ ಸ್ಕೀ ರಜೆ: ವಿಮೆ ಮತ್ತು ಬೂಟಿನ ಬಗ್ಗೆ ಒಂದು ಸಲಹೆ

ಈ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜರ್ಮಾಟ್‌ಗೆ ಸ್ಕೀ ಕಲಿಯಲು ಹೊರಟಿರುವ ನಮ್ಮ ವಿಜಯಪುರದ ಬಂಧುಗಳು ಮೊದಲು ವಿಮೆಯ ಕರಾರುಗಳನ್ನು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಸ್ವಿಟ್ಜರ್ಲೆಂಡ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯವಾಗಿದ್ದರೂ, ಅಂಥ ಅನೇಕ ಪಾಲಿಸಿಗಳಲ್ಲಿ ಸ್ಕೀ ಆಡುವಾಗ ಆಗುವ ಗಾಯಕ್ಕೆ ಪರಿಹಾರವಿರುವುದಿಲ್ಲ. ಚಳಿಗಾಲದ ಕ್ರೀಡೆ ಹಾಗೂ ಹೆಲಿಕಾಪ್ಟರ್ ರಕ್ಷಣೆ ಸೇರಿವೆ ಎಂಬುದನ್ನು ಲಿಖಿತವಾಗಿಯೇ ಪಡೆಯಿರಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದಲೇ ಸಲ್ಲಿಸಬಹುದಾದ್ದರಿಂದ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡುವ ಕೆಲಸವನ್ನು ದಸರೆಯ ಹೊತ್ತಿಗೇ ಮುಗಿಸುವುದು ಲೇಸು.

ಜರ್ಮಾಟ್ ಊರೊಳಗೆ ಕಾರುಗಳಿಗೆ ಪ್ರವೇಶವಿಲ್ಲ. ಜ್ಯೂರಿಕ್‌ನಿಂದ ಹೊರಟು ವಿಸ್ಪ್‌ನಲ್ಲಿ ರೈಲು ಬದಲಿಸಿ ತಲುಪಬಹುದು.

ಸ್ಕೀ, ಹೆಲ್ಮೆಟ್ ಎಲ್ಲವೂ ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಬೂಟನ್ನು ಮಾತ್ರ ಅವಸರದಲ್ಲಿ ಆರಿಸಬೇಡಿ. ಒಂದೇ ಒಂದು ತೆಳುವಾದ ಉಣ್ಣೆಯ ಕಾಲುಚೀಲದ ಮೇಲೆ ಅದನ್ನು ಹಾಕಿಕೊಂಡು ನೆಟ್ಟಗೆ ನಿಂತಾಗ ಕಾಲ್ಬೆರಳಿನ ತುದಿ ಬೂಟಿನ ಮುಂಭಾಗಕ್ಕೆ ಹಗುರವಾಗಿ ತಾಗಬೇಕು. ಮೊಣಕಾಲನ್ನು ಮುಂದಕ್ಕೆ ಬಾಗಿಸಿದೊಡನೆ ಅದು ತುಸು ಹಿಂದೆ ಸರಿಯಬೇಕು, ಆದರೆ ಹಿಮ್ಮಡಿ ಮೇಲೇಳಬಾರದು. ಚಳಿಗೆ ಹೆದರಿ ಎರಡು ಜೊತೆ ಕಾಲುಚೀಲ ತೊಟ್ಟರೆ ರಕ್ತಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಉಣ್ಣೆಯದನ್ನೇ ಒಯ್ಯಿರಿ. ನಮ್ಮೂರಿನ ಬೇಸಿಗೆ ಕಂಡವರಿಗೂ ಹಿಮದ ಮೇಲಿನ ಬಿಸಿಲು ಕಣ್ಣಿಗೆ ತ್ರಾಸು ಕೊಡುತ್ತದೆ. ಬಿಸಿಲು ತಡೆಯುವ ಕನ್ನಡಕವಿಲ್ಲದೆ ಮಕ್ಕಳನ್ನು ಇಳಿಜಾರಿಗೆ ಕಳುಹಿಸಬೇಡಿ.